ಕೋನಿ ದ್ವೀಪದ ಸುಂಟರಗಾಳಿ

ನ್ಯೂಯಾರ್ಕ್ ಪಟ್ಟಣದ ದಕ್ಷಿಣದ ಕೊನೆಯಲ್ಲಿ, ಬ್ರೂಕ್ಲಿನ್ ಎಂಬ ಭಾಗವು ಅಟ್ಲಾಂಟಿಕ್ ಮಹಾಸಾಗರವನ್ನು ಮುಟ್ಟುವೆಡೆಯಲ್ಲಿ, ಕೋನಿ ಐಲೆಂಡ್ ಎಂಬ ಸ್ಥಳವೊಂದುಂಟು. ಐಲೆಂಡ್ ಎಂದರೆ ದ್ವೀಪವಷ್ಟೆ. ಆದರೆ ಈಗ ಅದು ದ್ವೀಪವಲ್ಲ. ನೆಲಕ್ಕೂ ಅದಕ್ಕೂ ನಡುವೆ ಹರಿಯುತ್ತಿದ್ದ ತೊರೆಯ ಒಂದು ಭಾಗವನ್ನು ಮಣ್ಣಿನಿಂದ ತುಂಬಿಬಿಟ್ಟುದರಿಂದ ಅದು ನಾಡಿನೊಡನೆ ಕೂಡಿಕೊಂಡಿದೆ. ಹೆಸರು ಮಾತ್ರ ಹಾಗೆಯೇ ನಿಂತಿದೆ, ನಮ್ಮ ಪಟ್ಟಣಗಳಲ್ಲಿ ಕೆರೆಯನ್ನು ಮುಚ್ಚಿ ಮನೆಗಳನ್ನು ಕಟ್ಟಿದ ಮೇಲೆಯೂ ಬಡಾವಣೆಗೆ ಕೆರೆಯ ಹೆಸರೇ ನಿಂತಿರುವಂತೆ.

ನಮ್ಮ ಮಗನು ಉದ್ಯೋಗನಿಮಿತ್ತವಾಗಿ ನೆರೆಯ ನ್ಯೂಜೆರ್ಸಿ ಸಂಸ್ಥಾನದಲ್ಲಿ ನೆಲಸಿರುವನು. 2025ನೆಯ ಇಸವಿಯ ಬೇಸಗೆಯಲ್ಲಿ ನಾವೂ ನಮ್ಮ ಮನೆಯವರೂ ಮೂರು ತಿಂಗಳು ಅವನಲ್ಲಿ ಇದ್ದೆವು. ಹೋದ ಮೊದಲನೆಯ ವಾರದಲ್ಲಿಯೇ ಹತ್ತು ವರುಷದ ಮೊಮ್ಮಗನು ನಮ್ಮ ಕೈಹಿಡಿದು ಅಡಿಗೆಮನೆಯ ಬಾಗಿಲುವಾಡದ ಬಳಿಗೆ ಎಳೆದುಕೊಂಡು ಹೋದನು. ಅಲ್ಲಿ ಸೀಸದಕಡ್ಡಿಯ ಗೆರೆಗಳಿದ್ದುವು. ಕೋನಿ ಐಲೆಂಡಿನಲ್ಲಿರುವ ‘ಸೈಕ್ಲೋನ್’ ಎಂಬ ರೋಲರ್ ಕೋಸ್ಟರನ್ನು ಏರಬೇಕಾದರೆ ಐವತ್ತನಾಲ್ಕು ಅಂಗುಲ ಎತ್ತರವಿರಬೇಕೆಂಬುದು ಅಲ್ಲಿಯ ಕಟ್ಟಳೆ. ಹಿಂದಿನ ವರುಷ ಎರಡು ಬೆರಳು ಕಡಮೆಯಾಗಿ ಅವನನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿದ್ದರಂತೆ. “ತಾತ, ಈ ಸಲ ನಾನು ಸಾಕಷ್ಟು ಎತ್ತರ ಇದೀನಿ. ನೀವೇ ಅಳೆದು ನೋಡಿ,” ಎಂದನು. ಅಳೆದೆವು. ಐವತ್ತನಾಲ್ಕೂವರೆ ಇದ್ದಿತು. ಮಗನಿಗೆ ಬೆನ್ನುನೋವು, ಸೊಸೆಗೆ ಎತ್ತರವೆಂದರೆ ಆಗದು. ಆದಕಾರಣ ಕರೆದುಕೊಂಡು ಹೋಗುವ ಭಾರವು ತಾತನ ಮೇಲೆ ಬಿದ್ದಿತು.

ನಾವು ಆ ಕ್ಷಣದಲ್ಲಿ ಆಗಲಿ ಎನ್ನಲಿಲ್ಲ. ಅದಕ್ಕೊಂದು ಕಾರಣವುಂಟು, ಅದನ್ನು ಮರೆಮಾಡುವುದು ಸರಿಯಲ್ಲವಾದುದರಿಂದ ಹೇಳಿಬಿಡುತ್ತೇವೆ. ಮೂವತ್ತು ವರುಷಗಳಿಗೂ ಹಿಂದೆ ನಾವು ಹಾಸನದ ಕಡೆಯ ಒಂದು ಹಳ್ಳಿಯಲ್ಲಿ ಮೇಷ್ಟ್ರಾಗಿದ್ದಾಗ, ಸಮೀಪದ ರಥೋತ್ಸವಕ್ಕೆ ಆರನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಜಾತ್ರೆಯಲ್ಲಿ ಎಂದಿನಂತೆ ಮರದ ತೊಟ್ಟಿಲು ಬಂದಿದ್ದಿತು: ನಾಲ್ಕು ಪೆಟ್ಟಿಗೆ, ಎರಡು ಕಂಬ, ಕೈಯಿಂದ ತಿರುಗಿಸುವ ಇಬ್ಬರು ಆಳುಗಳು. ಹುಡುಗರು ಆಸೆಪಟ್ಟರು. ನಾವೇ ನಮ್ಮ ಜೇಬಿನಿಂದ ಕಾಸು ಕೊಟ್ಟು ಹತ್ತಿಸಿದೆವು. ಮೂರನೆಯ ಸುತ್ತಿನಲ್ಲಿ ಒಂದು ಪೆಟ್ಟಿಗೆಯನ್ನು ಹಿಡಿದಿದ್ದ ಕೀಲು ಕಳಚಿ ಒಬ್ಬ ಹುಡುಗನು ಕೆಳಗೆ ಬಿದ್ದನು. ಪ್ರಾಣಕ್ಕೆ ಅಪಾಯವಾಗಲಿಲ್ಲ, ಬಲಗೈಯ ಮುಂದೋಳು ಮುರಿದು, ಕಟ್ಟು ಹಾಕಿಸಿದರೂ ಡೊಂಕಾಗಿಯೇ ಕೂಡಿಕೊಂಡಿತು. ಅವನ ತಾಯಿ ನಮ್ಮನ್ನು ಬೈಯಲಿಲ್ಲ. “ನೀವಿದ್ದೀರಲ್ಲಾ ಮೇಷ್ಟ್ರೇ ಅಂತ ಕಳಿಸಿದ್ದೆ,” ಎಂದಳು, ಅಷ್ಟೆ. ಹತ್ತಿಸುವುದಕ್ಕೆ ಮುಂಚೆ ಆ ಕೀಲನ್ನು ನಾವು ಒಂದು ಸಲ ಕಣ್ಣೆತ್ತಿ ನೋಡಿರಲಿಲ್ಲ. ಅಂದಿನಿಂದ ಯಾವ ಮಗುವನ್ನೂ ನಾವು ಯಾವ ತೊಟ್ಟಿಲಿಗೂ ಹತ್ತಿಸಿದವರಲ್ಲ. ನಮ್ಮ ಮಗನು ಬಾಲ್ಯದಲ್ಲಿ ಮೈಸೂರು ದಸರೆಯ ವಸ್ತುಪ್ರದರ್ಶನಕ್ಕೆ ಎಷ್ಟು ಸಲ ಬಂದರೂ ದೊಡ್ಡ ಚಕ್ರವನ್ನು ದೂರದಿಂದ ನೋಡಿ ಹಿಂದಿರುಗಿದವನೇ.

ಹೀಗಿರಲಾಗಿ, ಈ ಸಲ ಮೊದಲು ತಿಳಿದುಕೊಂಡು ಆಮೇಲೆ ಹೇಳುತ್ತೇವೆಂದು ಮೊಮ್ಮಗನಿಗೆ ಮಾತು ಕೊಟ್ಟು, ಎರಡು ವಾರ ಸಾರ್ವಜನಿಕ ಪುಸ್ತಕಭಂಡಾರದಲ್ಲಿ ಕುಳಿತು ಓದಿದೆವು. ಜುಲೈ ತಿಂಗಳಿನ ಒಂದು ಶನಿವಾರ ಬುತ್ತಿಯನ್ನು ಕಟ್ಟಿಕೊಂಡು ಐದು ಜನರೂ ಹೊರಟೆವು.

ನ್ಯೂಯಾರ್ಕಿನ ನೆಲದೊಳಗಿನ ರೈಲು ಬಹುದೂರ ಕತ್ತಲೆಯಲ್ಲಿ ಓಡಿ, ಬ್ರೂಕ್ಲಿನ್ನಿನಲ್ಲಿ ಮೇಲಕ್ಕೆ ಬಂದು, ಮನೆಗಳ ಮಾಡುಗಳ ಮಟ್ಟದಲ್ಲಿ ಸಾಗಿ, ಸ್ಟಿಲ್‌ವೆಲ್ ಅವೆನ್ಯೂ ಎಂಬ ನಿಲ್ದಾಣದಲ್ಲಿ ಮುಗಿಯುತ್ತದೆ. ಕೆಳಗಿಳಿದರೆ ಸಮುದ್ರದ ಗಾಳಿ, ಕರಿದ ತಿಂಡಿಯ ವಾಸನೆ, ಸಂತೆಯ ಗದ್ದಲ. ಕಡಲತಡಿಯ ಉದ್ದಕ್ಕೂ ಹಲಗೆಗಳನ್ನು ಹಾಸಿ ಮಾಡಿದ ವಿಶಾಲವಾದ ಕಾಲುದಾರಿಯಿದೆ. ಅದು 1923ರಲ್ಲಿ ತೆರೆಯಲ್ಪಟ್ಟಿತು. 1920ರಿಂದ ತಿರುಗುತ್ತಿರುವ 150 ಅಡಿ ಎತ್ತರದ ‘ವಂಡರ್ ವ್ಹೀಲ್’ ಒಂದು ಕಡೆ. ಇನ್ನೊಂದು ಕಡೆ, 1939ರ ಜಾಗತಿಕ ಪ್ರದರ್ಶನಕ್ಕಾಗಿ ಕಟ್ಟಿ ತರುವಾಯ ಇಲ್ಲಿಗೆ ತಂದು ನಿಲ್ಲಿಸಿದ, ಈಗ ಕೆಲಸವಿಲ್ಲದೆ ಬರಿಯ ಅಲಂಕಾರವಾಗಿರುವ ಪ್ಯಾರಾಚೂಟು ಗೋಪುರ. ಶಾಕಾಹಾರಿಗಳಿಗೆ ಇಲ್ಲಿ ಆಲೂಗೆಡ್ಡೆಯ ಹೊರತು ಹೆಚ್ಚೇನೂ ದೊರೆಯದು. ನಮ್ಮ ಮನೆಯವರು ತಂದಿದ್ದ ಬುತ್ತಿಯೇ ಗತಿಯಾಯಿತು.

ಹಲಗೆಯ ದಾರಿಯಲ್ಲಿ ಪೂರ್ವಕ್ಕೆ ನಡೆದರೆ ಬ್ರೈಟನ್ ಬೀಚ್ ಎಂಬ ಬಡಾವಣೆ ಸಿಕ್ಕುತ್ತದೆ. ಅಲ್ಲಿ ಅಂಗಡಿಗಳ ಹಲಗೆಗಳೆಲ್ಲ ರಷ್ಯದ ಲಿಪಿಯಲ್ಲಿವೆ; ಮುದುಕರು ಬೆಂಚುಗಳಲ್ಲಿ ಕುಳಿತು ರಷ್ಯದ ಮಾತಿನಲ್ಲಿ ಹರಟುತ್ತಾರೆ. ಇದನ್ನು ಕಂಡು ನಮಗೆ ನಗು ಬಂದಿತು. ಏಕೆಂದರೆ ರೋಲರ್ ಕೋಸ್ಟರಿನ ವಂಶವು ಹುಟ್ಟಿದುದು ರಷ್ಯಾದೇಶದಲ್ಲಿ. ಎರಡು ಮೂರು ಶತಮಾನಗಳ ಹಿಂದೆಯೇ ಆ ದೇಶದಲ್ಲಿ ಚಳಿಗಾಲ ಬಂದಾಗ ಮರದ ಚೌಕಟ್ಟನ್ನು ಎಪ್ಪತ್ತು ಎಂಬತ್ತು ಅಡಿ ಎತ್ತರಕ್ಕೆ ಕಟ್ಟಿ, ಇಳಿಜಾರಿನ ಮೇಲೆ ನೀರು ಸುರಿದು ಮಂಜುಗಡ್ಡೆಯಾಗಿಸಿ, ಅದರ ಮೇಲೆ ಜಾರುತ್ತಿದ್ದರು. ಎರಡನೆಯ ಕ್ಯಾಥರೀನ್ ರಾಣಿಯು ಸೇಂಟ್ ಪೀಟರ್ಸ್‌ಬರ್ಗಿನ ಸಮೀಪದ ಒರಾನಿಯನ್‌ಬಾಮ್ ಎಂಬಲ್ಲಿ ಇದಕ್ಕೆಂದೇ ಒಂದು ಮಂಟಪವನ್ನು ಕಟ್ಟಿಸಿದಳು. ಜಾರುದಾರಿ ಹೋಗಿದ್ದರೂ ಮಂಟಪವು ಇಂದಿಗೂ ನಿಂತಿದೆ. ಫ್ರಾನ್ಸಿನವರು ಈ ವಿನೋದವನ್ನು ಕಲಿತು, ಗಾಡಿಗೆ ಚಕ್ರಗಳನ್ನು ಹಾಕಿ, 1817ರಲ್ಲಿ ಪ್ಯಾರಿಸ್ ನಗರದಲ್ಲಿ ಆರಂಭಿಸಿದರು. ಫ್ರೆಂಚ್ ಭಾಷೆಯಲ್ಲಿ ಇದಕ್ಕೆ ಇಂದಿಗೂ ‘ರಷ್ಯದ ಬೆಟ್ಟಗಳು’ ಎಂದೇ ಹೆಸರು. ರಷ್ಯದವರೋ, ಇದನ್ನು ‘ಅಮೇರಿಕದ ಬೆಟ್ಟಗಳು’ ಎನ್ನುತ್ತಾರೆ! ತನ್ನ ಮಗುವನ್ನು ತಾನೇ ಗುರುತಿಸದೆ ನೆರೆಮನೆಯದೆಂದು ಹೇಳಿದಂತಾಯಿತು. ನಮ್ಮಲ್ಲಿ ಇದಕ್ಕೆ ಹೆಸರೇ ಇಲ್ಲ. ಉಯ್ಯಾಲೆಗೆ ಮಾತ್ರ ದೋಲಾ, ಪ್ರೇಂಖ ಮೊದಲಾದ ಹೆಸರುಗಳು ಬಹಳ ಹಿಂದಿನಿಂದ ಉಂಟು. ಮಹಾವ್ರತವೆಂಬ ವೈದಿಕ ಕರ್ಮದಲ್ಲಿ ಹೋತೃವು ಪ್ರೇಂಖದ ಮೇಲೆ ಕುಳಿತೇ ಶಸ್ತ್ರವನ್ನು ಪಠಿಸುತ್ತಿದ್ದನು. ಆದಕಾರಣ ತೂಗಾಡುವುದನ್ನು ಬರಿಯ ಮಕ್ಕಳಾಟವೆಂದು ತಳ್ಳಿಹಾಕಲು ನಮಗೆ ಅಧಿಕಾರವಿಲ್ಲ.

ಅಮೇರಿಕದಲ್ಲಿ ಈ ಆಟಕ್ಕೆ ಮೊದಲಾದುದು ಕಲ್ಲಿದ್ದಲು. ಪೆನ್ಸಿಲ್ವೇನಿಯ ಸಂಸ್ಥಾನದ ಮಾಕ್ ಚಂಕ್ ಎಂಬ ಊರಿನಲ್ಲಿ 1827ರಲ್ಲಿ ಗಣಿಯಿಂದ ಕಾಲುವೆಯ ದಡದವರೆಗೆ ಇಳಿಜಾರಿನ ಹಳಿಯನ್ನು ಹಾಕಿದರು. ಕಲ್ಲಿದ್ದಲು ತುಂಬಿದ ಬಂಡಿಗಳು ತಮ್ಮ ಭಾರದಿಂದಲೇ ಕೆಳಗಿಳಿಯುತ್ತಿದ್ದುವು. ಬರಿದಾದ ಬಂಡಿಗಳನ್ನು ಹೇಸರಗತ್ತೆಗಳು ಮೇಲಕ್ಕೆ ಎಳೆಯುತ್ತಿದ್ದುವು. ಆ ಹೇಸರಗತ್ತೆಗಳನ್ನೂ ಬಂಡಿಯಲ್ಲಿಯೇ ಕೂಡಿಸಿ ಕೆಳಕ್ಕೆ ತರುತ್ತಿದ್ದರು. ಒಂದು ಸಲ ಸವಾರಿಯ ರುಚಿ ಹತ್ತಿದ ಮೇಲೆ ಅವು ನಡೆದು ಇಳಿಯಲು ಒಪ್ಪುತ್ತಿರಲಿಲ್ಲವೆಂದು ಹೇಳುತ್ತಾರೆ. ಹೇಸರಗತ್ತೆಗೆ ಹಿಡಿದ ರುಚಿಯು ಮನುಷ್ಯರಿಗೆ ಹಿಡಿಯಲು ತಡವಾಗಲಿಲ್ಲ. ಕೆಲವು ಕಾಲದಲ್ಲಿ ಜನರು ಹಣ ಕೊಟ್ಟು ಆ ಬಂಡಿಗಳನ್ನೇರತೊಡಗಿದರು. 1884ರಲ್ಲಿ ಲಮಾರ್ಕಸ್ ಥಾಂಪ್ಸನ್ ಎಂಬಾತನು ಕೋನಿ ಐಲೆಂಡಿನಲ್ಲಿ ಆರುನೂರು ಅಡಿ ಉದ್ದದ ‘ಸ್ವಿಚ್‌ಬ್ಯಾಕ್ ರೈಲ್ವೆ’ಯನ್ನು ತೆರೆದನು. ತಲೆಗೆ ಐದು ಸೆಂಟು. ವೇಗ ಗಂಟೆಗೆ ಸುಮಾರು ಆರು ಮೈಲಿ, ಎಂದರೆ ನಮ್ಮ ಊರಿನ ಜಟಕಾಬಂಡಿ ಸಲೀಸಾಗಿ ಹಿಂದಿಕ್ಕಬಹುದಾದ ವೇಗ. ಆದರೂ ಜನ ಮುಗಿಬಿದ್ದರು.

ಆ ಥಾಂಪ್ಸನ್ನನ ರೈಲು ಇದ್ದ ಸ್ಥಳದಲ್ಲಿಯೇ 1927ನೆಯ ಇಸವಿ ಜೂನ್ 26ರಂದು ಸೈಕ್ಲೋನ್, ಎಂದರೆ ಸುಂಟರಗಾಳಿ, ತನ್ನ ಓಟವನ್ನು ಆರಂಭಿಸಿತು. ವರ್ನನ್ ಕೀನನ್ ಎಂಬಾತನು ಅದರ ನಕ್ಷೆಯನ್ನು ಬರೆದವನು. ಹ್ಯಾರಿ ಬೇಕರ್ ಕಟ್ಟಿಸಿದವನು. ಆಗ ಒಂದು ಸವಾರಿಗೆ ಇಪ್ಪತ್ತೈದು ಸೆಂಟು. ಚೌಕಟ್ಟು ಉಕ್ಕಿನದು, ಹಳಿಯ ಹಾಸು ಮರದ್ದು. ಹಳಿಯ ಉದ್ದ 2640 ಅಡಿ, ಸರಿಯಾಗಿ ಅರ್ಧ ಮೈಲಿ. ಎತ್ತರ 85 ಅಡಿ. ಮೊದಲನೆಯ ಇಳಿತವು ನೆಲಕ್ಕೆ ಸುಮಾರು 58 ಡಿಗ್ರಿ ಓರೆಯಾಗಿದೆ. ಸವಾರಿಯೆಲ್ಲ ಎರಡು ನಿಮಿಷದೊಳಗೆ ಮುಗಿದುಹೋಗುತ್ತದೆ. 1948ರಲ್ಲಿ, ವರ್ಷಗಳಿಂದ ಮಾತು ನಿಂತುಹೋಗಿದ್ದ ಗಣಿಯ ಕೆಲಸಗಾರನೊಬ್ಬನು ಇದರಲ್ಲಿ ಕುಳಿತು ಕಿರುಚಿ, ಇಳಿದ ಮೇಲೆ ಮಾತನಾಡಿದನೆಂಬ ಪ್ರತೀತಿಯುಂಟು. 1988ರಲ್ಲಿ ನಗರದವರು ಇದನ್ನು ರಕ್ಷಿಸತಕ್ಕ ಸ್ಮಾರಕವೆಂದು ಸಾರಿದರು. ನ್ಯೂಜೆರ್ಸಿಯಲ್ಲಿ ನಮ್ಮ ಮಗನ ಮನೆಗೆ ಹೆಚ್ಚು ದೂರವಲ್ಲದ ಕಡೆ 2005ರಲ್ಲಿ ‘ಕಿಂಗ್ಡಾ ಕಾ’ ಎಂಬ 456 ಅಡಿ ಎತ್ತರದ, ಆಗ ಲೋಕದಲ್ಲೆಲ್ಲ ಅತ್ಯುನ್ನತವಾದ ಕೋಸ್ಟರನ್ನು ಕಟ್ಟಿದ್ದರು. ಅದನ್ನು 2025ರ ಫೆಬ್ರವರಿಯಲ್ಲಿ ಸಿಡಿಮದ್ದಿಟ್ಟು ಕೆಡವಿಬಿಟ್ಟರು. ಮುದಿ ಸುಂಟರಗಾಳಿಯು ಮಾತ್ರ ಇನ್ನೂ ಓಡುತ್ತಿದೆ.

ಇದರ ವೇಗವು ಗಂಟೆಗೆ ಅರವತ್ತು ಮೈಲಿಯೆಂದು ಎಲ್ಲ ಕಡೆಯೂ ಬರೆದಿದೆ. ಇಲ್ಲಿ ಮೇಷ್ಟ್ರ ಹಳೆಯ ಚಟವು ಸುಮ್ಮನಿರಲಿಲ್ಲ. ಈ ಗಾಡಿಗೆ ಯಂತ್ರವೇ ಇಲ್ಲ. ಸರಪಣಿಯೊಂದು ಅದನ್ನು ಶಿಖರದವರೆಗೆ ಎಳೆದು ಬಿಟ್ಟುಬಿಡುತ್ತದೆ. ಮುಂದಿನ ಓಟವೆಲ್ಲ ಭೂಮಿಯ ಆಕರ್ಷಣೆಯದು. ಏರಿಸುವಾಗ ಕೂಡಿಟ್ಟ ಶಕ್ತಿಯನ್ನೇ ಇಳಿಯುತ್ತ ವೆಚ್ಚಮಾಡಬೇಕು; ಗಾಳಿಯ ಮತ್ತು ಹಳಿಯ ತಿಕ್ಕಾಟವು ಸುಂಕದವನಂತೆ ದಾರಿಯುದ್ದಕ್ಕೂ ಕಿತ್ತುಕೊಳ್ಳುತ್ತಿರುವುದರಿಂದ ಮೊದಲ ಬೆಟ್ಟವನ್ನು ಮೀರಿದ ಎತ್ತರವನ್ನು ಮುಂದೆ ಏರಲಾಗದು. 85 ಅಡಿಯಿಂದ ಇಳಿದ ಯಾವ ವಸ್ತುವೂ, ತಿಕ್ಕಾಟವೇ ಇಲ್ಲವೆಂದು ಎಣಿಸಿದರೂ, ಸೆಕೆಂಡಿಗೆ ಸುಮಾರು 74 ಅಡಿ, ಎಂದರೆ ಗಂಟೆಗೆ ಐವತ್ತು ಮೈಲಿಯ ವೇಗವನ್ನು ಪಡೆಯಬಹುದೇ ಹೊರತು ಹೆಚ್ಚಿಲ್ಲ. ಅರವತ್ತು ಮೈಲಿ ಬರಬೇಕಾದರೆ ನೂರಿಪ್ಪತ್ತು ಅಡಿಯ ಇಳಿತ ಬೇಕು. ಈ ಲೆಕ್ಕವನ್ನು ಮೊಮ್ಮಗನ ಮುಂದೆ ಕಾಗದದ ಚೂರಿನ ಮೇಲೆ ಮಾಡಿ ತೋರಿಸಿದಾಗ ಅವನ ಮುಖವು ಸಣ್ಣದಾಯಿತು. “ಐವತ್ತಾದರೂ ಪರವಾಗಿಲ್ಲ ತಾತ,” ಎಂದು ಸ್ವಲ್ಪ ಹೊತ್ತಿನ ಮೇಲೆ ಸಮಾಧಾನ ತಂದುಕೊಂಡನು.

ಶಿಖರವನ್ನು ದಾಟಿ ಕೆಳಗೆ ಬೀಳುವಾಗ ದೇಹವು ಆಸನದಿಂದ ಏಳುವಂತಾಗಿ ಹೊಟ್ಟೆ ಬಾಯಿಗೆ ಬಂದಂತಾಗುತ್ತದೆ. ತಗ್ಗನ್ನು ಸೇರಿ ಮೇಲಕ್ಕೆ ತಿರುಗುವಾಗ ತನ್ನ ಭಾರವು ತನಗೇ ಎರಡು ಮೂರು ಮಡಿಯಾದಂತೆ ತೋರುತ್ತದೆ. ಈ ಭಾರವನ್ನು ಮಿತಿಯಲ್ಲಿಡುವುದೇ ಈ ವಿದ್ಯೆಯ ಮರ್ಮ. 1895ರಲ್ಲಿ ಇದೇ ಕೋನಿ ಐಲೆಂಡಿನಲ್ಲಿ ‘ಫ್ಲಿಪ್ ಫ್ಲ್ಯಾಪ್’ ಎಂಬ, ಜನರನ್ನು ತಲೆಕೆಳಗಾಗಿ ಸುತ್ತಿಸುವ ಕೋಸ್ಟರನ್ನು ನಡೆಸಿದರು. ಅದರ ಸುತ್ತು ಅಪ್ಪಟ ವೃತ್ತವಾಗಿದ್ದಿತು. ನೇರವಾದ ಹಳಿಯಿಂದ ಒಮ್ಮೆಗೇ ವೃತ್ತವನ್ನು ಹೊಕ್ಕಾಗ ಭಾರವು ಹಠಾತ್ತಾಗಿ ಬಡಿದು ಕುಳಿತವರ ಕೊರಳು ಉಳುಕುತ್ತಿದ್ದಿತು. ಹೆಚ್ಚು ಕಾಲ ಅದು ಬಾಳಲಿಲ್ಲ. ಸುತ್ತನ್ನು ನೀರಿನ ಹನಿಯಂತೆ ಮೇಲೆ ಕಿರಿದು, ಕೆಳಗೆ ಅಗಲವಾಗಿ ಮಾಡಿದರೆ ಭಾರವು ಮೆಲ್ಲಮೆಲ್ಲನೆ ಏರುತ್ತದೆ. ಜರ್ಮನಿಯ ವರ್ನರ್ ಸ್ಟೆಂಗೆಲ್ ಎಂಬ ಶಿಲ್ಪಿಯು ಈ ಉಪಾಯದಿಂದ ಲೆಕ್ಕಹಾಕಿದ ‘ರೆವಲ್ಯೂಷನ್’ ಎಂಬ ಕೋಸ್ಟರು 1976ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಓಡಿದ ಮೇಲೆಯೇ ತಲೆಕೆಳಗಿನ ಸುತ್ತು ಮತ್ತೆ ಬಳಕೆಗೆ ಬಂದಿತು. ಸುಂಟರಗಾಳಿಯಲ್ಲಿ ಇಂತಹ ಸುತ್ತು ಇಲ್ಲವೆಂದು ತಿಳಿದು ನಮ್ಮ ಮನೆಯವರು ದೇವರಿಗೆ ಕೈಮುಗಿದರು.

ಇನ್ನು ಕೀಲಿನ ವಿಷಯ. ನಾವು ಹಣ ಕೊಡುವುದಕ್ಕೆ ಮುಂಚೆ ಬೇಲಿಯ ಹೊರಗೆ ಅರ್ಧ ಗಂಟೆ ನಿಂತು ನೋಡಿದೆವು. ಗಾಡಿಯು ಹಳಿಯಿಂದ ಹಾರಿಹೋಗದಿರಲು ಮೂರು ಬಗೆಯ ಚಕ್ರಗಳಿವೆ: ಹಳಿಯ ಮೇಲೆ ಓಡುವುದೊಂದು, ಪಕ್ಕವನ್ನು ಒತ್ತಿ ಹಿಡಿಯುವುದೊಂದು, ಹಳಿಯ ಅಡಿಯಲ್ಲಿ ಸಿಕ್ಕಿಕೊಂಡಿರುವುದೊಂದು. ಈ ಮೂರನೆಯದಕ್ಕೆ ಜಾನ್ ಮಿಲ್ಲರ್ ಎಂಬ ಅಮೇರಿಕನ್ನನು 1919ರಲ್ಲಿ ಹಕ್ಕುಪತ್ರವನ್ನು ಪಡೆದನು. ಅಲ್ಲಿಂದ ಮುಂದೆ ಕಡಿದಾದ ಇಳಿತಗಳನ್ನು ಧೈರ್ಯವಾಗಿ ಕಟ್ಟುವುದು ಸಾಧ್ಯವಾಯಿತು. ಏರಿನಲ್ಲಿ ‘ಟಕ ಟಕ ಟಕ’ ಎಂಬ ಶಬ್ದವು ಬೀದಿಯವರೆಗೂ ಕೇಳಿಸುತ್ತದೆ. ಅದು ಸರಪಣಿಯದೆಂದು ನಾವು ತಿಳಿದಿದ್ದೆವು. ಅಲ್ಲ, ಗಾಡಿಯ ಅಡಿಯಲ್ಲಿರುವ ಕಬ್ಬಿಣದ ನಾಲಗೆಯು ಹಳಿಯ ನಡುವಿನ ಹಲ್ಲುಗಳನ್ನು ಒಂದೊಂದಾಗಿ ದಾಟುವ ಸದ್ದು. ಸರಪಣಿ ಹರಿದರೂ ನಾಲಗೆಯು ಹಲ್ಲಿಗೆ ಸಿಕ್ಕಿ ಗಾಡಿಯು ಹಿಂದಕ್ಕೆ ಜಾರದು. ಹೆದರಿಸುವ ಆ ಸದ್ದೇ ಕಾಪಾಡುವ ಸದ್ದು! ಸುಂಟರಗಾಳಿಯಲ್ಲಿ ಗಾಡಿಯನ್ನು ನಿಲ್ಲಿಸುವುದಕ್ಕೆ ಇಂದಿಗೂ ಆಳೆತ್ತರದ ಸನ್ನೆಗಳನ್ನು ಕೈಯಿಂದಲೇ ಎಳೆಯುತ್ತಾರೆ. ಸನ್ನೆಯ ಬಳಿಯಿದ್ದ ವಯಸ್ಸಾದ ಕೆಲಸಗಾರನನ್ನು, ದಿನವೂ ಪರೀಕ್ಷಿಸುವಿರಾ ಎಂದು ಕೇಳಿದೆವು. ಬೆಳಗಿನಲ್ಲಿ ಹಳಿಯ ಉದ್ದಕ್ಕೂ ನಡೆದು ಮೊಳೆ, ಹಲಗೆಗಳನ್ನು ನೋಡುವರೆಂದೂ, ಬರಿದಾದ ಗಾಡಿಯನ್ನು ಮೊದಲು ಓಡಿಸುವರೆಂದೂ ಹೇಳಿ, ಇಂತಹ ಪ್ರಶ್ನೆ ಕೇಳುವವರು ಅಪರೂಪವೆಂದು ನಕ್ಕನು.

ಇಷ್ಟಿದ್ದೂ ಅಪಘಾತಗಳಾಗಿವೆ, ಅವನ್ನು ಓದದೆ ಬಿಟ್ಟಿದ್ದರೆ ನಮ್ಮ ಓದು ಅರ್ಧವಾಗುತ್ತಿದ್ದಿತು. 1972ರ ಮೇ ತಿಂಗಳಿನಲ್ಲಿ ಲಂಡನ್ನಿನ ಬ್ಯಾಟರ್‌ಸೀ ಉದ್ಯಾನದಲ್ಲಿ, ಏರಿನಲ್ಲಿದ್ದ ಗಾಡಿಯು ಎಳೆಯುವ ಹಗ್ಗದಿಂದ ಕಳಚಿಕೊಂಡಿತು. ಹಿಂದಕ್ಕೆ ಜಾರದಂತೆ ಹಿಡಿಯಬೇಕಾಗಿದ್ದ ಸಾಧನವು ಹಿಡಿಯಲಿಲ್ಲ. ಐದು ಮಕ್ಕಳು ತೀರಿಕೊಂಡರು. 2015ರ ಜೂನ್ 2ರಂದು ಇಂಗ್ಲೆಂಡಿನ ಆಲ್ಟನ್ ಟವರ್ಸಿನಲ್ಲಿ ನಡೆದುದು ಬೇರೆ ಬಗೆಯದು. ದೊಡ್ಡ ಕೋಸ್ಟರುಗಳಲ್ಲಿ ಹಳಿಯನ್ನು ಖಂಡಗಳಾಗಿ ಭಾಗಿಸಿ, ಒಂದು ಖಂಡದಲ್ಲಿ ಗಾಡಿಯಿರುವವರೆಗೆ ಇನ್ನೊಂದು ಗಾಡಿ ಅದರೊಳಕ್ಕೆ ಬಾರದಂತೆ ಯಂತ್ರವೇ ತಡೆಯುತ್ತದೆ, ನಮ್ಮ ರೈಲುದಾರಿಯ ಕೈಮರದಂತೆ. ಅಂದು ‘ಸ್ಮೈಲರ್’ ಎಂಬ ಕೋಸ್ಟರಿನಲ್ಲಿ ಬರಿಯ ಗಾಡಿಯೊಂದು ನಡುದಾರಿಯಲ್ಲಿ ನಿಂತಿದ್ದುದನ್ನು ಕಂಡು ಯಂತ್ರವು ಮುಂದಿನ ಗಾಡಿಯನ್ನು ತಡೆಯಿತು. ಕೆಲಸಗಾರರು ಹಳಿ ತೆರವಾಗಿದೆಯೆಂದು ಭ್ರಮಿಸಿ ಆ ತಡೆಯನ್ನು ಕೈಯಿಂದ ತೆಗೆದು, ಜನರಿದ್ದ ಗಾಡಿಯನ್ನು ಬಿಟ್ಟರು. ಇಬ್ಬರು ಎಳೆಯ ಹೆಣ್ಣುಮಕ್ಕಳು ಕಾಲು ಕಳೆದುಕೊಂಡರು. ಮರುವರುಷ ನ್ಯಾಯಸ್ಥಾನವು ಆ ಕಂಪೆನಿಗೆ ಐವತ್ತು ಲಕ್ಷ ಪೌಂಡು ದಂಡ ವಿಧಿಸಿತು. ನಮ್ಮ ದೇಶದಲ್ಲಿಯೂ 2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾ ಕೆರೆಯ ಬಳಿ ಲೋಲಕದಂತೆ ತೂಗುವ ಯಂತ್ರವೊಂದು ಮುರಿದು ಬಿದ್ದು ಇಬ್ಬರು ಸತ್ತರು. ಸುಂಟರಗಾಳಿಯ ಮೈಯೂ ನಿಷ್ಕಳಂಕವಲ್ಲ: 2007ರಲ್ಲಿ ಪ್ರಯಾಣಿಕರೊಬ್ಬರು ಇದರಲ್ಲಿ ಕೊರಳೆಲುಬಿಗೆ ಪೆಟ್ಟಾಗಿ ಕೆಲವು ದಿನಗಳಲ್ಲಿಯೇ ತೀರಿಕೊಂಡರು. 2024ರ ಆಗಸ್ಟಿನಲ್ಲಿ ಸರಪಣಿಯನ್ನು ತಿರುಗಿಸುವ ಹಲ್ಲುಚಕ್ರವು ಬಿರುಕುಬಿಟ್ಟು ಗಾಡಿಯು ಏರಿನಲ್ಲಿಯೇ ನಿಂತಿತು. ಜನರನ್ನು ಕೈಹಿಡಿದು ನಡೆಸಿ ಇಳಿಸಿದರು. ಈ ಕೊನೆಯ ಸುದ್ದಿಯು ನಮ್ಮನ್ನು ಹೆದರಿಸಲಿಲ್ಲ. ಮುರಿಯಬಾರದುದು ಮುರಿದಾಗ ನಿಲ್ಲಬೇಕಾದುದು ನಿಂತಿತಷ್ಟೆ. ನಮ್ಮ ಜಾತ್ರೆಯ ತೊಟ್ಟಿಲಿನಲ್ಲಿ ಒಂದು ಕೀಲಿನ ಹಿಂದೆ ಎರಡನೆಯ ಕೀಲು ಇರಲಿಲ್ಲ.

ನಾವೇ ಮೊಮ್ಮಗನ ಜೊತೆಯಲ್ಲಿ ಕುಳಿತುಕೊಳ್ಳಬೇಕೆಂದು ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡಿದ್ದೆವು. ಆದರೆ ಬಾಗಿಲಿನಲ್ಲಿ ಹೃದಯದ ಕಾಯಿಲೆ, ರಕ್ತದ ಒತ್ತಡ, ಬೆನ್ನು ಕೊರಳುಗಳ ನೋವು ಇರುವವರೂ ಗರ್ಭಿಣಿಯರೂ ಏರಕೂಡದೆಂದು ಬರೆದಿದ್ದಿತು. ನಾವು ಎಂಟು ವರುಷಗಳಿಂದ ಒತ್ತಡಕ್ಕೆ ಗುಳಿಗೆ ನುಂಗುತ್ತಿರುವವರು. 1988ರಲ್ಲಿ ಗ್ಲಾಸ್ಗೋ ನಗರದ ಉದ್ಯಾನೋತ್ಸವದಲ್ಲಿ ವೈದ್ಯರು ಆರೋಗ್ಯವಂತರನ್ನೇ ಕೋಸ್ಟರಿನಲ್ಲಿ ಕೂಡಿಸಿ ಪರೀಕ್ಷಿಸಿದಾಗ ನಿಮಿಷಕ್ಕೆ ಎಪ್ಪತ್ತು ಇದ್ದ ಎದೆಬಡಿತವು ನೂರೈವತ್ತನ್ನು ಮೀರಿದ್ದಿತು. ಆರೋಗ್ಯವಂತರ ಪಾಡು ಅದು. ನಾವು ಹಲಗೆಯನ್ನು ಓದಿ ಸುಮ್ಮನೆ ನಿಂತಿದ್ದುದನ್ನು ನಮ್ಮ ಮನೆಯವರು ಕಂಡು, “ಏನೂಂದ್ರೆ, ಬರೆದಿರೋದನ್ನ ಮಕ್ಕಳಿಗೆ ಓದಿಸ್ತಿದ್ದವರು ನೀವೇ ಅಲ್ವೆ?” ಎಂದರು. ಅದಕ್ಕೆ ಉತ್ತರವಿರಲಿಲ್ಲ.

ಮೊಮ್ಮಗನು ಮಾತನಾಡದೆ ನಮ್ಮ ಮುಖವನ್ನೇ ನೋಡುತ್ತಿದ್ದನು. ಒಬ್ಬನನ್ನೇ ಕಳುಹಿಸಲು ನಮ್ಮ ನಾಲಗೆ ಏಳಲಿಲ್ಲ, ಬೇಡವೆನ್ನಲೂ ಏಳಲಿಲ್ಲ. ಆಗ ಸೊಸೆಯು ಸೆರಗಿನಂತೆ ಹೊದ್ದಿದ್ದ ದುಪಟ್ಟಾವನ್ನು ತೆಗೆದು ಅತ್ತೆಯ ಕೈಗೆ ಕೊಟ್ಟು, ಕನ್ನಡಕವನ್ನು ಗಂಡನ ಜೇಬಿಗೆ ಹಾಕಿ, “ನಾನು ಹೋಗ್ತೀನಿ ಮಾವ,” ಎಂದಳು. ಎರಡನೆಯ ಅಂತಸ್ತಿನ ಬಿಸಿಲುಮಚ್ಚಿನಿಂದ ಕೆಳಗೆ ನೋಡಲಾರದ ಹೆಣ್ಣುಮಗಳು! ಕುಳಿತ ಮೇಲೆ ತೊಡೆಯ ಮೇಲಿನ ಕಂಬಿಯು ಗಟ್ಟಿಯಾಗಿ ಕೂತಿದೆಯೇ ಎಂದು ಕೈಯಿಂದ ಎಳೆದು ನೋಡಬೇಕು, ಏನಾದರೂ ಎದ್ದು ನಿಲ್ಲಬಾರದು, ಕೈಕಾಲುಗಳನ್ನು ಹೊರಕ್ಕೆ ಚಾಚಬಾರದು, ಬೆನ್ನನ್ನು ಒರಗುಮಣೆಗೆ ಒತ್ತಿ ತಲೆಯನ್ನು ನೆಟ್ಟಗಿಡಬೇಕು, ಎಂದು ನಾವು ಓದಿದುದನ್ನೆಲ್ಲ ಒಪ್ಪಿಸಿದೆವು. ಹಿಂದಿನ ಸಾಲಿನಲ್ಲಿ ಕುಲುಕಾಟ ಹೆಚ್ಚು. ನಡುವೆ ಕುಳಿತುಕೊಳ್ಳಿ ಎಂದೂ ಹೇಳಿದೆವು. ತಾಯಿಯೂ ಮಗನೂ ನಡುವಿನ ಗಾಡಿಯಲ್ಲಿ ಕುಳಿತರು. ಕಂಬಿಯನ್ನು ಮೊಮ್ಮಗನು ಎರಡು ಸಲ ಎಳೆದು ನೋಡಿ ನಮ್ಮ ಕಡೆಗೆ ತಲೆಯಾಡಿಸಿದನು.

ಟಕ ಟಕ ಟಕ ಎಂಬ ಸದ್ದು ಆರಂಭವಾಯಿತು. ನಮ್ಮ ಮನೆಯವರು ಕಣ್ಣುಮುಚ್ಚಿ ಬಾಯಲ್ಲೇ ಏನೋ ಜಪಿಸುತ್ತಿದ್ದರು. ನಾವು ಹಲ್ಲುಗಳನ್ನು ಎಣಿಸುತ್ತಿದ್ದೆವು. ಎಷ್ಟೆಂಬುದು ಈಗ ನೆನಪಿಲ್ಲ. ಶಿಖರದಲ್ಲಿ ಸದ್ದು ನಿಂತಿತು. ಗಾಡಿಯು ಒಂದು ಕ್ಷಣ ಆಕಾಶದ ಎದುರಿಗೆ ನಿಂತಂತಿದ್ದು ಕಣ್ಮರೆಯಾಯಿತು. ಆಮೇಲೆ ಮರವೆಲ್ಲ ಗುಡುಗಿದ ಶಬ್ದ, ಇಪ್ಪತ್ತು ಜನರ ಕೂಗು. ಒಂದು ತಿರುವಿನಲ್ಲಿ ಮೊಮ್ಮಗನ ಬಿಳಿಯ ಅಂಗಿಯು ಕಂಡಿತು, ಮತ್ತೆ ಕಾಣಲಿಲ್ಲ, ಮತ್ತೆ ಕಂಡಿತು. ಮಗನು ಗಡಿಯಾರವನ್ನು ನೋಡುತ್ತಿದ್ದನು. ಎರಡು ನಿಮಿಷ ಆಗಿರಲಿಲ್ಲವಂತೆ. ನಮಗೆ ಹಾಗೆ ತೋರಲಿಲ್ಲ.

ಕೆಲಸಗಾರನು ಸನ್ನೆಯನ್ನು ಎಳೆದು ಗಾಡಿಯನ್ನು ನಿಲ್ಲಿಸಿದನು. ಸೊಸೆಯು ಕಂಬವನ್ನು ಹಿಡಿದು ನಿಂತು, ನಗುವುದೋ ಅಳುವುದೋ ತಿಳಿಯದ ಮುಖದಿಂದ ಕೂದಲನ್ನು ಸರಿಮಾಡಿಕೊಳ್ಳುತ್ತಿದ್ದಳು. ಮೊಮ್ಮಗನು ಓಡಿಬಂದು, “ತಾತ, ಐವತ್ತಲ್ಲ, ಅರವತ್ತೇ ಇರಬೇಕು. ನಿಮ್ಮ ಲೆಕ್ಕ ತಪ್ಪು,” ಎಂದನು. ನಾವು ಅವನ ಎರಡು ಕೈಗಳನ್ನೂ ಹಿಡಿದು ಮೊಣಕೈಯಿಂದ ಮಣಿಕಟ್ಟಿನವರೆಗೆ ಸವರಿ ನೋಡಿದೆವು. “ಏನು ತಾತ?” ಎಂದು ಕೇಳಿದನು. ಏನೂ ಇಲ್ಲವೆಂದೆವು. ಇನ್ನೊಂದು ಸಲ ಹೋಗಲೇ ಎಂದನು. ಮೊದಲು ಊಟವಾಗಲಿ ಎಂದು ಹೇಳಿ ನಮ್ಮ ಮನೆಯವರು ಸಮುದ್ರಕ್ಕೆ ಎದುರಾದ ಬೆಂಚಿನ ಮೇಲೆ ಪುಳಿಯೋಗರೆಯ ಡಬ್ಬಿಯನ್ನು ತೆರೆದರು.